ಸೂರ್ಯನ ಅಂಚಿನಲ್ಲಿ ಮೂರು ದಿನದಿಂದ ಬಿಳಿ ಕಲೆ ಕಾಣುತ್ತಿದೆ, ಸೌರಜ್ವಾಲೆಯಾ ಅಥವಾ ಫಿಲ್ಟರ್ ಹಾಳಾಗಿದೆಯಾ? ಯಾವ ಹೊಸ ಫಿಲ್ಟರ್ ಕೊಳ್ಳಲಿ?

ಯಾವುದೂ ಬೇಡ. ನಿಮ್ಮ ಫಿಲ್ಟರ್ ಚೆನ್ನಾಗಿಯೇ ಇದೆ. ಇದೇ ಬಿಳಿ ಕಲೆ ನೋಡಿ ಒಳ್ಳೆಯ ಫಿಲ್ಟರ್ ಹಾಳು ಮಾಡಿಕೊಂಡವನು ನಾನು.

ಟೆಲಿಸ್ಕೋಪಿನ ಬಾಯಿಗೆ ಸೋಲಾರ್ ಫಿಲ್ಮ್ (ಸೂರ್ಯನ ಬೆಳಕನ್ನು ತಗ್ಗಿಸುವ, ಲೇಪವಿರುವ ತೆಳು ಹಾಳೆಯ ಫಿಲ್ಟರ್) ಕಟ್ಟಿ ನೋಡುತ್ತಿದ್ದೆ. ಅಂಚಿನ ಹತ್ತಿರ ಎರಡು ಕಪ್ಪು ಕಲೆ, ಸುತ್ತ ಹಾಲಿನ ಕೆನೆ ಒಡೆದ ಹಾಗೆ ಬಿಳಿ ಎಳೆಗಳು. ಧೂಳು ಅಂದುಕೊಂಡೆ. ಫಿಲ್ಮ್ ಬಿಚ್ಚಿ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಇನ್ನೂ ಒತ್ತಿ ಒರೆಸಿದೆ. ದೀಪಕ್ಕೆ ಹಿಡಿದು ನೋಡಿದರೆ ಲೇಪ ಕಿತ್ತು ಸೂಜಿಮೊನೆಯಷ್ಟು ತೂತುಗಳು! ಅಂಥದ್ದರಲ್ಲಿ ಸೂರ್ಯನನ್ನು ನೋಡಿದರೆ ಕಣ್ಣಿಗೇ ಅಪಾಯ, ಎಸೆದೆ.

ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಟ್ಯೂಬಿನ ಬಾಯಲ್ಲಿರುವ ಧೂಳು ಫೋಕಸ್‌ಗೇ ಬರುವುದಿಲ್ಲ. ಐಪೀಸಿನಲ್ಲಿ, ಅಂದರೆ ಕಣ್ಣಿಡುವ ಮಸೂರದಲ್ಲಿ, ಇದ್ದರೆ ಐಪೀಸ್ ತಿರುಗಿಸಿದಾಗ ಅದೂ ತಿರುಗುತ್ತದೆ. ಟೆಲಿಸ್ಕೋಪ್ ಮುಟ್ಟದೆ ಸುಮ್ನೆ ಬಿಟ್ಟರೆ ಸೂರ್ಯ ಪಕ್ಕಕ್ಕೆ ಜಾರುತ್ತಾನಲ್ವಾ, ಕಲೆ ಅವನ ಜೊತೆಗೇ ಜಾರಿದರೆ ಅದು ಅವನದ್ದೇ. ನಾನು ಇದ್ಯಾವುದನ್ನೂ ಮಾಡಲಿಲ್ಲ, ಬಟ್ಟೆ ಹುಡುಕಿದೆ.

ತಮಾಷೆ ಕೇಳಿ. ವಾರ ಬಿಟ್ಟು ಹೊಸ ಫಿಲ್ಮ್ ಬಂತು, ನೋಡಿದರೆ ಬಿಳಿ ಇಲ್ಲ! ನೋಡಿದ್ಯಾ, ಧೂಳೇ ಆಗಿತ್ತು ಅಂತ ಬೀಗಿದೆ. ನಿಜವೇನೆಂದರೆ, ಸೂರ್ಯ ತಿರುಗುವುದರಿಂದ ಅಷ್ಟರಲ್ಲಿ ಆ ಕಪ್ಪು ಕಲೆಗಳು ಸೂರ್ಯನ ನಡುವಿಗೆ ಬಂದಿದ್ದವು, ಅಷ್ಟೇ. ಈ ಬಿಳಿ ತೇಪೆಗಳಿಗೆ ಫ್ಯಾಕ್ಯುಲೆ ಅನ್ನುತ್ತಾರೆ, ಲ್ಯಾಟಿನ್‌ನಲ್ಲಿ ಪುಟ್ಟ ಪಂಜುಗಳು ಎಂದರ್ಥ. ಅಲ್ಲಿ ಕಾಂತಕ್ಷೇತ್ರ ಒತ್ತಾಗಿದ್ದು ಅನಿಲ ತೆಳುವಾಗಿರುತ್ತದೆ. ಓರೆಯಿಂದ ನೋಡಿದಾಗ ಆ ತೆಳು ಜಾಗದ ಬಿಸಿ ಗೋಡೆಗಳು ಕಾಣುತ್ತವೆ. ಸೂರ್ಯನ ಅಂಚು ಹೇಗೂ ನಡುವಿಗಿಂತ ಮಂಕು, ಹಾಗಾಗಿ ಅಲ್ಲಿ ಎದ್ದು ಕಾಣುತ್ತವೆ, ನಡುವಲ್ಲಿ ಕರಗಿಹೋಗುತ್ತವೆ. ಕಪ್ಪು ಕಲೆ ಜಾಸ್ತಿಯಾದ ವರ್ಷಗಳಲ್ಲಿ ಸೂರ್ಯ ಮಂಕಾಗುವ ಬದಲು ಸುಮಾರು 0.1% ಹೆಚ್ಚು ಬೆಳಗುವುದೂ ಇವುಗಳಿಂದಲೇ.

ಸೌರಜ್ವಾಲೆಯಾ, ಅಂದರೆ ಸೂರ್ಯನ ಮೇಲಿನ ಹಠಾತ್ ಸ್ಫೋಟವಾ ಅಂತಲೂ ಕೇಳಿದ್ದೀರಿ. ಮೂರು ದಿನ ನಿಂತಿದೆ ಅಂದಮೇಲೆ ಅಲ್ಲ. 1859ರಲ್ಲಿ ಇಂಗ್ಲಿಷ್ ಖಗೋಳಜ್ಞ ಕ್ಯಾರಿಂಗ್ಟನ್ ಕಂಡ ಬಿಳಿ ಜ್ವಾಲೆ ಕೆಲವೇ ನಿಮಿಷಗಳಲ್ಲಿ ಆರಿಹೋಗಿತ್ತು. ಹೈಡ್ರೋಜನ್ ಹೊಮ್ಮಿಸುವ ಒಂದೇ ಕೆಂಪು ಬಣ್ಣವನ್ನು ಬಿಡುವ ಹೈಡ್ರೋಜನ್-ಆಲ್ಫಾ ಫಿಲ್ಟರ್ ಆಸೆಯನ್ನೂ ಇದಕ್ಕಾಗಿ ಇಟ್ಟುಕೊಳ್ಳಬೇಡಿ. ಅದು ತೋರಿಸುವುದು ಇದರ ಮೇಲಿನ ಪದರವನ್ನು.

ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಕಲೆಗೆ ಸುಮಾರು 13 ದಿನ ಬೇಕು. ಹೊಸ ಫಿಲ್ಮ್ ಬಂದು ಐದಾರು ದಿನಕ್ಕೆ ಆ ಕಪ್ಪು ಕಲೆಗಳು ಎದುರು ಅಂಚು ಮುಟ್ಟಿದವು. ಸುತ್ತ ಮತ್ತೆ ಅದೇ ಕೆನೆ. ಈ ಸಲ ಬಟ್ಟೆ ಮುಟ್ಟಲಿಲ್ಲ.