ಅಮೆರಿಕದಲ್ಲಿ ಅಮ್ಮನನ್ನು ಅಸಿಸ್ಟೆಡ್ ಲಿವಿಂಗ್‌ಗೆ ಸೇರಿಸಿದರೆ ಎಸ್‌ಎಸ್‌ಐ, ಮೆಡಿಕೇರ್ ನಿಂತುಹೋಗುತ್ತವೆಯೇ?

ಇಲ್ಲ, ಸೇರಿಸಿದ ಮಾತ್ರಕ್ಕೆ ಯಾವುದೂ ನಿಲ್ಲುವುದಿಲ್ಲ. ಅಸಿಸ್ಟೆಡ್ ಲಿವಿಂಗ್ ಅಂದರೆ ದಿನನಿತ್ಯದ ಕೆಲಸಗಳಿಗೆ ನೆರವು ಸಿಗುವ ಹಿರಿಯರ ವಸತಿ. ಎಸ್‌ಎಸ್‌ಐ ಅಂದರೆ ಆದಾಯ, ಆಸ್ತಿ ಕಡಿಮೆ ಇರುವ ವೃದ್ಧರಿಗೆ ಮತ್ತು ಅಂಗವಿಕಲರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಹಣ. ಮೆಡಿಕೇರ್ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ.

ದುಡಿದು ಗಳಿಸಿದ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಇದ್ದರೆ ಅದು ಎಲ್ಲಿದ್ದರೂ ಅಷ್ಟೇ ಬರುತ್ತದೆ. ಮೆಡಿಕೇರ್ ವೈದ್ಯರು, ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತದೆಯೇ ಹೊರತು ಅಲ್ಲಿನ ಬಾಡಿಗೆ, ಊಟ, ದಿನನಿತ್ಯದ ಆರೈಕೆಗೆ ಕೊಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದು ಗೊತ್ತಾಗುವುದು ಮೊದಲ ಬಿಲ್ ಬಂದಾಗಲೇ.

ತಲೆನೋವಿರುವುದು ಎಸ್‌ಎಸ್‌ಐನಲ್ಲಿ. ಅಮ್ಮ ಈಗ ನಿಮ್ಮ ಮನೆಯಲ್ಲೇ ಪುಕ್ಕಟೆ ಇದ್ದು, ಅದಕ್ಕಾಗಿ ಕಡಿತ ಆಗುತ್ತಿದ್ದರೆ, ಸ್ಥಳ ಬದಲಾದಾಗ ಲೆಕ್ಕವನ್ನು ಹೊಸದಾಗಿ ಹಾಕುತ್ತಾರೆ. ಆದರೆ ನೀವು ಬಾಡಿಗೆ ಕಟ್ಟಿದರೆ ಮತ್ತೆ ಕಡಿತವಾಗಬಹುದು. ಅವರ ಕೈಗೆ ನಗದು ಕೊಟ್ಟರೆ ಅದನ್ನು ನೇರ ಆದಾಯವೆಂದೇ ಎಣಿಸುತ್ತಾರೆ. ವಿಳಾಸ ಬದಲಾದದ್ದನ್ನು ಮುಂದಿನ ತಿಂಗಳ 10ರೊಳಗೆ ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ತಿಳಿಸಬೇಕು. ಕೆಲವು ರಾಜ್ಯಗಳು, ಉದಾಹರಣೆಗೆ ಕ್ಯಾಲಿಫೋರ್ನಿಯಾ, ಪರವಾನಗಿ ಇರುವ ಇಂಥ ಮನೆಗಳಲ್ಲಿರುವವರಿಗೆ ಹೆಚ್ಚು ದರ ಕೊಡುತ್ತವೆ. ತಿಂಗಳಿಗೆ 30 ಡಾಲರ್‌ಗೆ ಇಳಿಯುತ್ತದೆ ಅಂತ ಕೇಳಿರುತ್ತೀರಿ. ಅದು ಮೆಡಿಕೇಯ್ಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ಯೋಜನೆ) ಅರ್ಧಕ್ಕಿಂತ ಹೆಚ್ಚು ಖರ್ಚು ಭರಿಸುವ ನರ್ಸಿಂಗ್ ಹೋಮ್‌ನ ನಿಯಮ.

ಮೆಡಿಕೇಯ್ಡ್ ಹಲವು ರಾಜ್ಯಗಳಲ್ಲಿ ವೇವರ್ (ನರ್ಸಿಂಗ್ ಹೋಮ್‌ನ ಹೊರಗಿನ ಆರೈಕೆಗೂ ಹಣ ಕೊಡುವ ವಿಶೇಷ ಯೋಜನೆ) ಮೂಲಕ ಆರೈಕೆಯ ಭಾಗ ಕೊಡುತ್ತದೆ, ಬಾಡಿಗೆ ಕೊಡುವುದಿಲ್ಲ. ಕಾಯುವ ಪಟ್ಟಿ ಉದ್ದ ಇರಬಹುದು, ಬೇಗ ಹೆಸರು ಬರೆಸಿ.

ನಮ್ಮವರು ಮರೆಯುವುದು ಒಂದಿದೆ: ಅಮ್ಮನ ಹೆಸರಿನಲ್ಲಿ ಮೈಸೂರಿನಲ್ಲೊಂದು ಸೈಟು ಇದ್ದರೆ ಅದೂ ಆಸ್ತಿಯೇ. ಎಸ್‌ಎಸ್‌ಐ ಮಿತಿ ಬರೀ 2,000 ಡಾಲರ್. ಈಗ ಅವಸರದಲ್ಲಿ ತಮ್ಮನ ಹೆಸರಿಗೆ ದಾನಪತ್ರ ಮಾಡಿಸಲು ಹೋಗಬೇಡಿ. ಇಂಥ ಆರೈಕೆಗೆ ಅರ್ಜಿ ಹಾಕಿದಾಗ ಮೆಡಿಕೇಯ್ಡ್ ಸಾಮಾನ್ಯವಾಗಿ 5 ವರ್ಷ ಹಿಂದಿನ ವರ್ಗಾವಣೆಗಳನ್ನೂ ಕೆದಕುತ್ತದೆ. ಮೊದಲು ಎಲ್ಡರ್ ಲಾ, ಅಂದರೆ ಹಿರಿಯರ ಕಾನೂನು ವಿಷಯ ನೋಡುವ ವಕೀಲರೊಬ್ಬರನ್ನು ಕಾಣಿ.