ಹತ್ತು ವರ್ಷದಿಂದ ಇರುವ ಮನೆಗೆ ಮಾಲಕರು ಬೀಗ ಹಾಕ್ತಾರಂತೆ. ಇನ್ನೆರಡು ವರ್ಷ ತಳ್ಳಿದರೆ ಮನೆ ನಮ್ಮದಾಗುತ್ತಾ?

ಆಗಲ್ಲ. ಆ ಎರಡು ವರ್ಷದ ಲೆಕ್ಕವನ್ನು ಮೊದಲು ತಲೆಯಿಂದ ತೆಗೆಯಿರಿ.

ಕುಮಟಾದಲ್ಲಿ ಮುಂಬಯಿ ಮಾಲಕರ ಹಳೇ ಮನೆ, ಬಾಡಿಗೆ ಪತ್ರ ಇಲ್ಲ, ಕೈಗೆ ಕೊಟ್ಟ ದುಡ್ಡಿಗೆ ರಸೀದಿ ಇಲ್ಲ, ಈಗ ಅವರ ಮಗ ಫೋನಿನಲ್ಲಿ ಬೀಗ ಜಡಿಯುವ ಮಾತಾಡುತ್ತಿದ್ದಾನೆ ಅಂತ ಬರೆದಿದ್ದೀರಿ. ನಮ್ಮದೂ ಇದೇ ಕಥೆ, ಊರು ಮಾತ್ರ ಕಾರವಾರ.

ನನ್ನ ತವರು ಶಿರಸಿ. ಮದುವೆಯಾಗಿ ಬಂದಾಗ ಅತ್ತೆ ಮಾವ ಕೋಡಿಬಾಗದ ಹತ್ತಿರ ಒಂದು ಹಂಚಿನ ಮನೆಯಲ್ಲಿದ್ದರು. ಹಿತ್ತಿಲಲ್ಲಿ ಒಂದಿಷ್ಟು ತೆಂಗಿನಮರ, ಬಾವಿ. ಮಾವ ತಿಂಗಳಿಗೊಮ್ಮೆ ಮುಂಬಯಿಗೆ ಮನಿಯಾರ್ಡರ್ ಮಾಡುತ್ತಿದ್ದರು. ಕೂಪನ್ನಿನಲ್ಲಿ ‘ಮನೆ ಬಾಡಿಗೆ ಬಾಬ್ತು’ ಅಂತ ತಮ್ಮ ಗುಂಡಗಿನ ಅಕ್ಷರದಲ್ಲಿ ಬರೆದೇ ಕಳಿಸೋರು. ಹಿರಿಯ ಮಾಲಕರು ತೀರಿಕೊಂಡ ಮೇಲೆ ಅವರ ಮಗ, ‘ಹಣ ಇರಲಿ, ಆಮೇಲೆ ನೋಡುವ’ ಅಂದರು. ಎಂಥ ಒಳ್ಳೇ ಮನುಷ್ಯ ಅಂದುಕೊಂಡೆವು! ಬಾಡಿಗೆ ತಗೊಳ್ಳೋದು ನಿಲ್ಲಿಸಿದ ಮಾಲಕರು ಒಳ್ಳೆಯವರಾಗಿರಬಹುದು, ವಕೀಲರನ್ನು ಕಂಡು ಬಂದವರೂ ಆಗಿರಬಹುದು. ನಿಮ್ಮವರೂ ಕಳೆದ ವರ್ಷದಿಂದ ದುಡ್ಡು ಬೇಡ ಅನ್ನುತ್ತಿದ್ದಾರಲ್ವಾ? ಹುಷಾರು.

2018ರ ಮಾರಿಕಾಂಬಾ ಜಾತ್ರೆಗೆ ಮನೆ ಮಂದಿಯೆಲ್ಲ ಶಿರಸಿಗೆ ಹೋದೆವು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಯಾರನ್ನು ಮನೆ ಕಾಯೋಕೆ ಬಿಟ್ಟು ಹೋಗೋದು? ಮಾರ್ಚ್ ಮೊದಲ ವಾರ ದೇವಿಮನೆ ಘಟ್ಟ ಇಳಿದು ವಾಪಸ್ ಬಂದರೆ ಬಾಗಿಲಿಗೆ ಹೊಸ ಬೀಗ. ಕೊಂಡಿಗೆ ಸರಪಳಿ ಸುತ್ತಿ, ಬೀಗಕ್ಕೆ ನೀರು ತಾಗದ ಹಾಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ, ಮೇಲೆ ರಬ್ಬರ್ ಹಾಕಿದ್ದರು. ಮಾರ್ಚ್ ತಿಂಗಳಲ್ಲಿ! ಕಾರವಾರದಲ್ಲಿ ಮಳೆ ಶುರುವಾಗೋದು ಜೂನ್‌ನಲ್ಲಿ. ಮಳೆಗಾಲದವರೆಗೂ ಇದನ್ನು ತೆಗೆಯುವ ಯೋಚನೆ ಇವರಿಗಿಲ್ಲ ಅಂತ ಆ ಕೊಟ್ಟೆ ನೋಡಿಯೇ ಗೊತ್ತಾಗಬೇಕಿತ್ತು. ನಮ್ಮ ಹಾಸಿಗೆ, ಪಾತ್ರೆ, ಮಕ್ಕಳ ಸೈಕಲ್ ಜಗುಲಿಯ ಮೇಲೆ ತಾಡಪಾಲಿನ ಅಡಿಯಲ್ಲಿ. ಮಾವನ ತಗಡಿನ ಪೆಟ್ಟಿಗೆ ಮಾತ್ರ ಕಾಣಲಿಲ್ಲ. ಮನಿಯಾರ್ಡರ್ ರಸೀದಿಗಳಿದ್ದದ್ದು ಅದರಲ್ಲೇ.

ನನ್ನ ಗಂಡ ಕಲ್ಲೆತ್ತಿ ಬೀಗ ಒಡೆಯಲು ಹೋದರು. ಪಕ್ಕದ ಮನೆಯವರು ತಡೆದರು. ತಡೆದದ್ದು ಒಳ್ಳೆಯದೇ ಆಯಿತು ಅಂತ ಈಗಲೂ ಹೇಳುತ್ತೇನೆ. ನಾವು ಒಡೆದಿದ್ದರೆ ಮಾರನೇ ದಿನ ನಮ್ಮ ಮೇಲೇ ಅತಿಕ್ರಮ ಪ್ರವೇಶದ ದೂರು ಬೀಳುತ್ತಿತ್ತು. ಠಾಣೆಗೆ ಹೋದೆವು. ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅಂತ ಹಿಂಬರಹ ಕೊಟ್ಟರು. ಅವತ್ತು ಆ ಕಾಗದವನ್ನು ಬೈದುಕೊಂಡೇ ಚೀಲಕ್ಕೆ ಹಾಕಿದೆ. ಅದರಲ್ಲಿ ಎರಡು ಬೆಲೆಬಾಳುವ ವಿಷಯಗಳಿದ್ದವು: ನಮ್ಮನ್ನು ಹೊರಗೆ ಹಾಕಿದ ತಾರೀಖು, ಮುಂದೆ ಎಲ್ಲಿಗೆ ಹೋಗಬೇಕು ಅನ್ನೋ ದಾರಿ. ಎರಡನ್ನೂ ನಾವು ಓದಲಿಲ್ಲ.

ಯಾಕೆ ಓದಲಿಲ್ಲ ಅಂದರೆ, ಮಾಲಕರ ಮಗ ಫೋನಿನಲ್ಲಿ ಬಲು ಮೃದುವಾಗಿ ಮಾತಾಡುತ್ತಿದ್ದರು. ‘ಅಕ್ಕ, ಚೌತಿಗೆ ಊರಿಗೆ ಬರ್ತೇನೆ, ಕೂತು ಮಾತಾಡುವ.’ ಅತ್ತೆಯೂ ಅದನ್ನೇ ಅಂದರು. ಊರ ಹಿರಿಯರು, ‘ಕೋರ್ಟು ಕಚೇರಿ ಅಂತ ಹೋದರೆ ಸಂಬಂಧ ಕೆಡ್ತದೆ’ ಅಂದರು. ಒಂದು ಬಾಡಿಗೆ ಕೋಣೆ ಹಿಡಿದು ಚೌತಿ ಕಾದೆವು. ಆ ವರ್ಷ ಚೌತಿ ಬಂದದ್ದು ಸೆಪ್ಟೆಂಬರ್ 13ಕ್ಕೆ. ಮಾರ್ಚ್ ಮೊದಲ ವಾರದಿಂದ ಎಣಿಸಿ ನೋಡಿ. ಆರು ತಿಂಗಳು ಅದಕ್ಕೂ ಮುಂಚೆಯೇ ಮುಗಿದಿತ್ತು.

ಆರು ತಿಂಗಳಿಗೆ ಯಾಕೆ ಇಷ್ಟು ಮಹತ್ವ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಿಲ್ಲದೇ ನಾವು ಮನೆ ಕಳಕೊಂಡದ್ದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅಂತ ಒಂದಿದೆ, ವಕೀಲರೆಲ್ಲ ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್ ಅನ್ನುತ್ತಾರೆ. ಅದರ 6ನೇ ಕಲಮಿನ ಪ್ರಕಾರ, ನಿಮ್ಮ ಒಪ್ಪಿಗೆ ಇಲ್ಲದೆ, ಕಾನೂನಿನ ದಾರಿ ಬಿಟ್ಟು ಯಾರಾದರೂ ನಿಮ್ಮನ್ನು ಹೊರಗೆ ಹಾಕಿದರೆ ಸ್ವಾಧೀನ ವಾಪಸ್ ಕೊಡಿಸಿ ಅಂತ ದಾವೆ ಹಾಕಬಹುದು. ಮನೆ ಯಾರದ್ದು ಅನ್ನೋ ಪ್ರಶ್ನೆ ಆ ದಾವೆಯಲ್ಲಿ ಬರೋದೇ ಇಲ್ಲ. ಒಳಗೆ ಯಾರಿದ್ದರು, ಹೇಗೆ ಹೊರಗೆ ಹೋದರು, ಇಷ್ಟೇ. ಹೊರಗೆ ಹಾಕಿದವರು ಖುದ್ದು ಮಾಲಕರೇ ಆದರೂ ಸರಿ. ಆ ತೀರ್ಪಿನ ಮೇಲೆ ಅಪೀಲೂ ಇಲ್ಲ. ಬಡಪಾಯಿ ಬಾಡಿಗೆದಾರನಿಗೆ ಇದಕ್ಕಿಂತ ಚುರುಕಾದ ದಾರಿ ಕಾನೂನಿನಲ್ಲಿ ನನಗಂತೂ ಕಂಡಿಲ್ಲ. ಷರತ್ತು ಒಂದೇ, ಹೊರಗೆ ಹಾಕಿದ ದಿನದಿಂದ ಆರು ತಿಂಗಳೊಳಗೆ ದಾವೆ ಹಾಕಿರಬೇಕು.

ಚೌತಿ ಮುಗಿಸಿ ವಕೀಲರ ಹತ್ತಿರ ಹೋದಾಗ ಅವರು ಹಿಂಬರಹ ನೋಡಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತಿಂಗಳು ತಿಂಗಳು ಹಿಂದಕ್ಕೆ ಹೋದರು. ‘ಹೋದ ವಾರ ಬಂದಿದ್ದರೆ’ ಅಂದರು, ಅಷ್ಟೇ. ಕೆಲವೇ ದಿನ ತಡವಾದದ್ದಕ್ಕೆ ಕ್ಷಮೆ ಕೇಳಲು ಬರುವುದಿಲ್ಲವಾ ಅಂತ ಕೇಳಿದೆ. ಅಪೀಲಿಗೆ, ಅರ್ಜಿಗೆ ತಡವಾದರೆ ಕಾರಣ ಹೇಳಿ ಮನ್ನಾ ಮಾಡಿಸಬಹುದಂತೆ, ದಾವೆಗೆ ಆ ಸೌಲಭ್ಯವೇ ಇಲ್ಲ. ಕಡೇ ದಿನ ಕೋರ್ಟಿಗೆ ರಜೆ ಇದ್ದರೆ ಮಾತ್ರ ತೆರೆದ ದಿನ ಹಾಕಬಹುದು. ಮಾತುಕತೆ ನಡೀತಿತ್ತು, ಹಬ್ಬಕ್ಕೆ ಬರ್ತೇನೆ ಅಂದಿದ್ದರು, ಇವೆಲ್ಲ ಕಾರಣವೇ ಅಲ್ಲ. ಮಾತುಕತೆ ಬೇಕಾದರೆ ಹತ್ತು ವರ್ಷ ನಡೀಲಿ ಮಾರಾಯ್ರೆ, ದಾವೆ ಹಾಕಿಟ್ಟುಕೊಂಡು ಮಾತಾಡಬೇಕಿತ್ತು. ಹಾಕಿದ ದಾವೆಯನ್ನು ರಾಜಿಯಾದ ದಿನ ವಾಪಸ್ ತಗೊಂಡರಾಯಿತು.

ಆರು ತಿಂಗಳು ಕಳೆದರೂ ಬೇರೆ ದಾವೆ ಹಾಕಬಹುದು. ಆದರೆ ಅದರಲ್ಲಿ ಮನೆ ಯಾರದ್ದು ಅನ್ನೋ ಪ್ರಶ್ನೆ ಬರುತ್ತದೆ. ಅವರ ಹತ್ತಿರ ದಾಖಲೆ ಇದೆ, ನಮ್ಮ ಹತ್ತಿರ ರಸೀದಿಯೂ ಇಲ್ಲ. ವರ್ಷಗಟ್ಟಲೆ ಅಲೆದು ಸೋಲೋದಕ್ಕೆ ಇವರು ಒಪ್ಪಲಿಲ್ಲ. ಸಾಮಾನು ಸಾಗಿಸಲು ಟೆಂಪೋ ಖರ್ಚು, ಮೇಲೆ ಸ್ವಲ್ಪ ದುಡ್ಡು ಮಾಲಕರು ಕೊಟ್ಟರು. ತಗೊಂಡು ಕಾರವಾರದ ಹತ್ತಿರದ ಬಿಣಗಾಕ್ಕೆ ಬಂದೆವು.

ಇನ್ನು ನಿಮ್ಮ ಹನ್ನೆರಡು ವರ್ಷದ ಕನಸು, ಅಷ್ಟು ವರ್ಷ ಇದ್ದರೆ ಮನೆ ನಮ್ಮದೇ ಅನ್ನೋದು. ಇದನ್ನು ನಮ್ಮ ಜಿಲ್ಲೆಯಲ್ಲಿ ಚಹಾ ಅಂಗಡಿಗೊಬ್ಬರು ಹೇಳುತ್ತಾರೆ. ಹನ್ನೆರಡು ವರ್ಷದ ಪ್ರತಿಕೂಲ ಸ್ವಾಧೀನ ಕಾನೂನಿನಲ್ಲಿ ಇರೋದು ನಿಜ. ಅದರ ಮೇಲೆ ಹಕ್ಕು ಕೇಳಿ ತಾನೇ ದಾವೆ ಹಾಕಬಹುದು ಅಂತ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದ್ದೂ ನಿಜ. ಆದರೆ ಅದು ಮಾಲಕರ ಹಕ್ಕನ್ನು ಎದುರು ಹಾಕಿಕೊಂಡು, ‘ಇದು ನನ್ನದು’ ಅಂತ ರಾಜಾರೋಷವಾಗಿ ಕೂತವರಿಗೆ. ನೀವು ಒಪ್ಪಿಗೆ ತಗೊಂಡು ಒಳಗೆ ಹೋದವರು, ದುಡ್ಡು ಕೊಟ್ಟವರು. ನಿಮ್ಮ ಗಡಿಯಾರ ಇನ್ನೂ ಶುರುವೇ ಆಗಿಲ್ಲ. ಬಾಡಿಗೆದಾರ ಐವತ್ತು ವರ್ಷ ಇದ್ದರೂ ಬಾಡಿಗೆದಾರನೇ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ‘ಹನ್ನೆರಡು ವರ್ಷದಿಂದ ನಮ್ಮದೇ’ ಅಂತ ನೋಟಿಸಿಗೆ ಉತ್ತರ ಕೊಟ್ಟಿರೋ, ಬಾಡಿಗೆದಾರ ಅನ್ನೋ ನಿಮ್ಮ ಗಟ್ಟಿ ನೆಲ ನೀವೇ ಅಗೆದ ಹಾಗೆ. ಬಾಡಿಗೆದಾರನನ್ನು ಎಬ್ಬಿಸಬೇಕಾದರೆ ಮಾಲಕರು ನೋಟಿಸು ಕೊಡಬೇಕು. ತಿಂಗಳ ಬಾಡಿಗೆಯಾದರೆ ಕನಿಷ್ಠ 15 ದಿನದ ನೋಟಿಸು, ಆಮೇಲೂ ಬಿಡದಿದ್ದರೆ ಅವರು ಕೋರ್ಟಿಗೆ ಹೋಗಿ ಆದೇಶ ತರಬೇಕು. ಬೀಗದಂಗಡಿಗೆ ಹೋಗೋದಲ್ಲ. ಈ ರಕ್ಷಣೆ ಬಿಟ್ಟು ಯಾವುದೋ ಮಾಲಕತ್ವದ ಆಸೆಗೆ ಬೀಳಬೇಡಿ.

ನೀವು ಮನೆ ನೋಡಿಕೊಳ್ಳಲು ಇದ್ದವರಾ, ಬಾಡಿಗೆಗೆ ಇದ್ದವರಾ ಅನ್ನೋದು ನಿಮ್ಮ ಪ್ರಶ್ನೆಯಲ್ಲಿ ಸರಿಯಾಗಿ ಇಲ್ಲ. ಎಲ್ಲ ನಿಂತಿರೋದು ಅದರ ಮೇಲೆ. ಪಕ್ಕದ ಗೋವಾದ್ದೇ ಒಂದು ಕೇಸಿದೆ. ಒಡಹುಟ್ಟಿದವರ ಮನೆ ಜಗಳ, 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕಾವಲುಗಾರ, ಆಳು, ಮನೆ ನೋಡಿಕೊಳ್ಳುವವನು ಎಷ್ಟೇ ವರ್ಷ ಪುಕ್ಕಟೆ ಇದ್ದರೂ ಅವನಿಗೆ ಹಕ್ಕು ಹುಟ್ಟೋದಿಲ್ಲ, ಅವನ ಸ್ವಾಧೀನಕ್ಕೆ ಕೋರ್ಟು ರಕ್ಷಣೆ ಕೊಡಬೇಕಾಗಿಲ್ಲ ಅಂತ. ಆ ಕೇಸೂ ಇದೇ 6ನೇ ಕಲಮಿನ ದಾವೆಯಿಂದ ಶುರುವಾದದ್ದು. ನಾವು ಸಮಯಕ್ಕೆ ಹೋಗಿದ್ದರೂ ಎದುರಿನವರು ‘ಇವರ ಮಾವ ತೆಂಗಿನಕಾಯಿ ಕಾಯೋಕೆ ಇದ್ದವರು’ ಅಂತ ಖಂಡಿತ ಹೇಳುತ್ತಿದ್ದರು. ಅದಕ್ಕೆ ಉತ್ತರ ಆ ತಗಡಿನ ಪೆಟ್ಟಿಗೆಯಲ್ಲಿತ್ತು.

ಹಾಗಾಗಿ ಇವತ್ತು ರಾತ್ರಿಯೇ ಕಾಗದ ಒಟ್ಟು ಮಾಡಿ. ಹೆಸ್ಕಾಂ ಕರೆಂಟ್ ಬಿಲ್ಲು, ಗ್ಯಾಸ್ ಪುಸ್ತಕ, ರೇಷನ್ ಕಾರ್ಡು, ಮಕ್ಕಳ ಶಾಲೆಯ ವಿಳಾಸ, ಮಾಲಕರ ಜೊತೆಗಿನ ವಾಟ್ಸಾಪ್ ಮಾತು, ಬಾಡಿಗೆ ಅಂತ ಒಂದೇ ಒಂದು ಸಲ ಅವರು ಬರೆದಿದ್ದರೂ ಅದು. ಮೂಲ ಪ್ರತಿಗಳು ಆ ಮನೆಯಲ್ಲಿ ಇರಬಾರದು, ಅಣ್ಣನ ಮನೆಗೋ ಎಲ್ಲಿಗೋ ಕಳಿಸಿ. ಬಾಡಿಗೆಯನ್ನು ಬ್ಯಾಂಕಿನಿಂದಲೇ ಅವರ ಅಕೌಂಟಿಗೆ ಹಾಕಿ, ತಿಂಗಳ ಹೆಸರು ಬರೆದು. ಬೇಡ ಅಂದರೂ ಹಾಕಿ.

ಬೀಗ ಇನ್ನೂ ಬಿದ್ದಿಲ್ಲ, ಅದು ನಿಮ್ಮ ಪುಣ್ಯ. ಈಗಲೇ ಕುಮಟಾ ಸಿವಿಲ್ ಕೋರ್ಟಿನಲ್ಲಿ, ಕಾನೂನು ಕ್ರಮ ಬಿಟ್ಟು ಬೇರೆ ರೀತಿಯಲ್ಲಿ ನಮ್ಮನ್ನು ಎಬ್ಬಿಸಬಾರದು ಅಂತ ತಡೆಯಾಜ್ಞೆ ಕೇಳಬಹುದು. ರಾಮೇಗೌಡ ಮತ್ತು ವರದಪ್ಪ ನಾಯ್ಡು ಅಂತ ನಮ್ಮ ಕರ್ನಾಟಕದಿಂದಲೇ ಹೋದ ಕೇಸಿನಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಹೇಳಿದ್ದು ಇದನ್ನೇ: ನೆಲೆಯೂರಿ ಶಾಂತವಾಗಿ ಸ್ವಾಧೀನದಲ್ಲಿ ಇರುವವನನ್ನು, ಅವನಿಗೆ ಹಕ್ಕುಪತ್ರ ಇಲ್ಲದಿದ್ದರೂ, ನಿಜವಾದ ಮಾಲಕ ಕೂಡ ಬಲ ಬಳಸಿ ಹೊರಗೆ ಹಾಕುವಂತಿಲ್ಲ. ಮೊನ್ನೆ ಮೊನ್ನೆ ನುಗ್ಗಿದವನಿಗೆ ಇದು ಅನ್ವಯಿಸೋದಿಲ್ಲ.

ಒಂದು ವೇಳೆ ಬೀಗ ಬಿದ್ದೇ ಬಿಟ್ಟರೆ, ಹೊಡೆದಾಟದ ಮಟ್ಟಕ್ಕೆ ಹೋಗುವ ಜಗಳವಾದರೆ, ತಹಶೀಲ್ದಾರ್ ಅಥವಾ ಎಸಿ (ಸಹಾಯಕ ಆಯುಕ್ತರು) ಮುಂದೆ ಹೋಗುವ ದಾರಿಯೂ ಇದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 145ನೇ ಕಲಮು, 2024ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 164. ಅಲ್ಲಿ ಲೆಕ್ಕ ಎರಡೇ ತಿಂಗಳು. ನನ್ನನ್ನು ಕೇಳಿದರೆ ಅದನ್ನು ನಂಬಿ ಕೂರಬೇಡಿ, ಸಿವಿಲ್ ದಾವೆಯೇ ಮುಖ್ಯ.

ಸರಕಾರಿ ಜಾಗ, ಅರಣ್ಯ ಅತಿಕ್ರಮಣದವರು ಈ ಉತ್ತರ ಓದಿ ತಮಗೂ ಹೊಂದಿಸಿಕೊಳ್ಳಬೇಡಿ. ಸರಕಾರದ ಮೇಲೆ 6ನೇ ಕಲಮಿನ ದಾವೆ ನಡೆಯೋದಿಲ್ಲ. ಸರಕಾರಿ ಜಾಗದ ಮನೆ ಸಕ್ರಮ ಮಾಡುವ 94ಸಿ ಕಲಮು, ಅರಣ್ಯ ಹಕ್ಕು ಕಾಯ್ದೆ, ಅದರ 2005ರ ಡಿಸೆಂಬರ್ 13ರ ಗಡುವು, ಅದೆಲ್ಲ ಬೇರೆಯೇ ಲೋಕ.

ವಕೀಲರ ಫೀಸಿನ ಚಿಂತೆ ಮಾಡಿದ್ದೀರಿ. ದಾವೆ ನಿಮ್ಮ ಹೆಂಡತಿಯ ಅಥವಾ ತಾಯಿಯ ಹೆಸರಿನಲ್ಲಿ ಹಾಕಲು ಬಂದರೆ ಖರ್ಚೇ ಇಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ನನಗೆ ಇದು ಗೊತ್ತಾಗಿದ್ದು ಬಿಣಗಾಕ್ಕೆ ಬಂದ ಮೇಲೆ.

ವಕೀಲರು ಸಿಕ್ಕ ಮೇಲೆ ಮೊದಲು ಒಂದು ಮಾತು ಕೇಳಿ: ದಾವೆಯಲ್ಲಿ ನಮ್ಮನ್ನು ಬಾಡಿಗೆದಾರರು ಅಂತ ಬರೀತೀರಾ, ಹನ್ನೆರಡು ವರ್ಷದ ಸ್ವಾಧೀನದವರು ಅಂತ ಬರೀತೀರಾ? ಎರಡೂ ಹಾಕಿಬಿಡುವ, ಯಾವುದಾದರೂ ಒಂದು ತಾಗಲಿ ಅಂದರೆ ಕಾಗದ ವಾಪಸ್ ತಗೊಂಡು ಬೇರೆಯವರನ್ನು ನೋಡಿ.