ಅಮ್ಮ ಕ್ಲೀನಿಂಗ್ ಕೆಲಸದಲ್ಲಿ ಪದೇ ಪದೇ ಬೀಳುವುದು ಟೆನ್ಷನ್‌ನಿಂದಲಾ, ಮೈಯಲ್ಲಿ ಶಕ್ತಿ ಇಲ್ಲದೆಯಾ?

ಉಪ್ಪಳದಲ್ಲಿ ಕ್ಲೀನಿಂಗ್ ಕೆಲಸಕ್ಕೆ ಹೋಗುವ ನಿಮ್ಮ ಅಮ್ಮ ಈ ವರ್ಷ ಎರಡು ಸಲ ಜಾರಿ ಬಿದ್ದರು, ಬೆಳಿಗ್ಗೆ ವಾಕಿಂಗ್ ಕಳಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ನಾನು ಕುಂಬಳೆಯವಳು. ಹನ್ನೊಂದು ವರ್ಷ ಒಂದು ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡಿದ್ದೇನೆ. ನಾನೂ ಬಿದ್ದಿದ್ದೇನೆ.

ಎರಡೂ ಕಾರಣ ಹೌದು, ಒಂದಕ್ಕೊಂದು ಸೇರಿಕೊಂಡೇ ಬರುತ್ತವೆ. ನಾನು ಬಿದ್ದದ್ದು ಜುಲೈಯಲ್ಲಿ. ಐದು ಜನರ ಕೆಲಸ ಮೂರು ಜನ ಮಾಡುತ್ತಿದ್ದೆವು. ಹೊರಗೆ ಮಳೆ ಬಿಡುವುದೇ ಇಲ್ಲ, ಬಂದವರೆಲ್ಲ ಒದ್ದೆ ಚಪ್ಪಲಿಯಲ್ಲೇ ಒಳಗೆ ಬರುತ್ತಾರೆ, ಒರೆಸಿದ ಜಾಗವನ್ನೇ ಮತ್ತೆ ಒರೆಸಬೇಕು, ಡಾಕ್ಟರ್ ರೌಂಡ್ಸಿಗೆ ಬರುವಷ್ಟರಲ್ಲಿ ಮುಗಿಯದಿದ್ದರೆ ಎಲ್ಲರ ಮುಂದೆ ಬೈಗುಳ. ಆ ವಾರ ನಿದ್ದೆಯೂ ಸರಿ ಇರಲಿಲ್ಲ. ಎರಡು ಸಲ ಹೋಗಲು ಹೊತ್ತಿಲ್ಲ ಅಂತ ತುಂಬಿದ ಎರಡು ಬಕೆಟ್ ಒಟ್ಟಿಗೆ ಎತ್ತಿದೆ. 10 ಲೀಟರ್ ನೀರೆಂದರೆ 10 ಕೆಜಿ, ಎರಡು ಸೇರಿ 20. ಮೆಟ್ಟಿಲಲ್ಲಿ ಕಾಲು ಜಾರಿತು, ಮಣಿಕಟ್ಟು ಮುರಿಯಿತು. ಗಡಿಬಿಡಿ ಇಲ್ಲದ ದಿನ ನಾನು ಖಂಡಿತ ಹಾಗೆ ಎತ್ತುತ್ತಿರಲಿಲ್ಲ.

ಇನ್ನು ಶಕ್ತಿಯ ವಿಷಯ. ದಿನವಿಡೀ ಗುಡಿಸಿ ಒರೆಸುವವರಿಗೆ ಬೇರೆ ವ್ಯಾಯಾಮ ಯಾಕೆ ಅಂತ ಕೇಳುವವರಿದ್ದಾರೆ. ಆದರೆ ಹಿಡಿಸೂಡಿ ಹಿಡಿದು ಬಗ್ಗುವುದು, ಮಾಪ್ ಹಿಡಿದು ಸೊಂಟ ತಿರುಗಿಸುವುದು, ಒಂದೇ ಭುಜಕ್ಕೆ ಗಂಟೆಗಟ್ಟಲೆ ಕೆಲಸ ಕೊಡುವುದು, ಇದರಿಂದ ಮೈ ಸವೆಯುತ್ತದೆಯೇ ಹೊರತು ದಮ್ಮು, ಅಂದರೆ ಬೇಗ ಏದುಸಿರು ಬಾರದೆ ಕೆಲಸ ಮಾಡುವ ತಾಕತ್ತು, ಹೆಚ್ಚುವುದಿಲ್ಲ. 8 ಗಂಟೆ ಕೆಲಸ ಮಾಡಬೇಕಾದರೆ ನಮ್ಮ ಪೂರ್ತಿ ದಮ್ಮಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಖರ್ಚಾಗಬಾರದು ಅನ್ನುವುದು ತಿಳಿದವರ ಲೆಕ್ಕ. ದಮ್ಮು ಕಮ್ಮಿ ಇದ್ದವರಿಗೆ ಅದೇ ವರಾಂಡ, ಅದೇ ಮೆಟ್ಟಿಲು ಇನ್ನಷ್ಟು ಭಾರ. ಮಧ್ಯಾಹ್ನದ ಹೊತ್ತಿಗೆ ಕಾಲು ಎತ್ತಿ ಇಡುವುದೇ ಕಷ್ಟವಾಗುತ್ತದೆ, ಎಡವುವುದು ಆಗಲೇ.

ಹಾಗಂತ ಸುಮ್ನೆ ವಾಕಿಂಗ್ ಕಳಿಸಬೇಡಿ. ಡೆನ್ಮಾರ್ಕ್‌ನಲ್ಲಿ 116 ಕ್ಲೀನರ್‌ಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಎರಡು ಸಲ ಅರ್ಧರ್ಧ ಗಂಟೆ, ಅದೂ ಕೆಲಸದ ಹೊತ್ತಿನಲ್ಲೇ, ದಮ್ಮಿನ ವ್ಯಾಯಾಮ ಮಾಡಿಸಿ ನೋಡಿದರು. 4 ತಿಂಗಳಲ್ಲಿ ದಮ್ಮೇನೋ ಹೆಚ್ಚಿತು, ಆದರೆ ಬಿಪಿಯೂ ಸ್ವಲ್ಪ ಏರಿತು. ಮೊದಲೇ ದಣಿದ ಮೈಗೆ ಇನ್ನೊಂದು ಕೆಲಸ ಹೇರಿದ ಹಾಗೆ ಅಲ್ವಾ ಅದು?

ಮೊದಲು ಅಮ್ಮನ ಹತ್ತಿರ ಕೂತು ಕೇಳಿ. ಎಷ್ಟು ಕೋಣೆ, ಎಷ್ಟು ಹೊತ್ತಿನಲ್ಲಿ, ಜೊತೆಗಿದ್ದವರು ಯಾರಾದರೂ ಬಿಟ್ಟು ಹೋಗಿದ್ದಾರಾ? ಬಕೆಟ್ ಅರ್ಧವೇ ತುಂಬಿಸಲಿ. ಜಾರದ ಸೋಲ್ ಇರುವ ಚಪ್ಪಲಿ ನೀವೇ ತೆಗೆದುಕೊಡಿ. ಬಿಪಿ ನೋಡಿಸಿ. ಆಮೇಲೆ, ರಜೆಯ ದಿನ ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಐದಾರು ಸಲ ಮಾಡಿಸಿ, ನಿಧಾನಕ್ಕೆ ಹೆಚ್ಚಿಸಿ. ತೊಡೆಗೆ ಬಲ ಬರುತ್ತದೆ.

ಇನ್ನೊಂದು. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೇಳಲು 1923ರಿಂದಲೇ ಕಾನೂನಿದೆ. ಬಿದ್ದರೆ ಅದೇ ದಿನ ಕೆಲಸ ಕೊಟ್ಟವರಿಗೆ ಬರೆದು ಕೊಟ್ಟು, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ನಾನು ಹೆದರಿ ಕೊಡಲಿಲ್ಲ. ತಿಂಗಳಾದ ಮೇಲೆ ಕೇಳಿದಾಗ, ನೀನು ಮನೆಯಲ್ಲಿ ಬಿದ್ದದ್ದು ಅಂದುಬಿಟ್ಟರು.